ಕಾಲುವೆ ಕಡೆಯಿಂದ ಎಪ್ಪತ್ತು ಸಾಲು

ಫೋನು ಬಂದಾಗ ನಾನು ವೈನ್ ಕಂಪನಿಯ ಗೇಟಿನ ಪಕ್ಕದ ಕೋಣೆಯಲ್ಲಿ ಕೂತು ಗಾಜಿನ ನಳಿಗೆಗಳನ್ನು ಒರೆಸುತ್ತಿದ್ದೆ. ಆ ಕಡೆ ಮಾತಾಡುತ್ತಿರುವುದು ಅಮ್ಮ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ಸಣ್ಣ ದನಿ.

“ಕಡಿದುಬಿಟ್ಟಿದ್ದಾರೆ ಕಣೇ.”

“ಯಾರನ್ನ?”

“ಬಿಳೀದನ್ನ. ನಮ್ಮ ಬಿಳೀ ತುಂಡನ್ನ ಕಡಿದುಬಿಟ್ಟಿದ್ದಾರೆ.”

“ಏನಮ್ಮಾ ಹೇಳ್ತಿದ್ದೀಯ? ಕಡೀಬೇಕಾಗಿದ್ದು ಕೆಂಪು ತಾನೆ?”

ಅಮ್ಮ ಫೋನು ಇಟ್ಟಳು. ನಾನು ಮೇಲಿನವರಿಗೆ ಹೇಳಿ ಹೊರಟೆನೋ ಹೇಳದೆ ಹೊರಟೆನೋ ಇವತ್ತಿಗೂ ನೆನಪಿಲ್ಲ. ಸ್ಕೂಟರು ಹತ್ತಿದ್ದು ಮಾತ್ರ ನೆನಪಿದೆ.

ನಮ್ಮ ಕಡೆ ನದಿಯ ನೀರು ಕಾಲುವೆ ಹಿಡಿದು ಬರದಿದ್ದರೆ ಇರುವುದು ಬರೀ ಧೂಳಿನ ಬಯಲು. ನೀರು ಬಂದ ಮೇಲೆ ಕಣ್ಣು ಹಾಯುವವರೆಗೂ ದ್ರಾಕ್ಷಿ, ಕಂಬ, ತಂತಿ. ಕಂಪನಿಯ ಉಕ್ಕಿನ ತೊಟ್ಟಿಗಳು ನಾಲ್ಕು ಮಹಡಿ ಎತ್ತರಕ್ಕೆ ನಿಂತಿವೆ. ಇಲ್ಲಿಯ ವೈನಿನ ಬಗ್ಗೆ ಮಾತಾಡುವವರು ಬಾಟಲಿಯ ಹೆಸರೆತ್ತುವುದಿಲ್ಲ, ಎಷ್ಟು ಟ್ಯಾಂಕರ್ ಹೋಯಿತು ಎಂದೇ ಕೇಳುವುದು. ಕೊಯ್ಲಿನ ಕಾಲದಲ್ಲಿ ಗೇಟಿಗೆ ಬರುವ ಒಂದೊಂದು ಲಾರಿಯಿಂದಲೂ ಹಣ್ಣು ತೆಗೆದು ಅದರ ಸಿಹಿ ಎಷ್ಟೆಂದು ಅಳೆಯುವುದು ನನ್ನ ಕೆಲಸ. ಅದಕ್ಕೇ ಲಾರಿ ಚಾಲಕರೆಲ್ಲ ನನ್ನನ್ನು ಸಕ್ಕರೆ ಎಂದು ಕರೆಯುತ್ತಾರೆ. ಮನೆಯವರನ್ನು ಕೇಳಿದರೆ ಬೇರೆ ಹೆಸರು ಹೇಳಿಯಾರು. ನನ್ನ ನಾಲಿಗೆ ಎಂಥದ್ದೆಂದು ಅವರಿಗೆ ಗೊತ್ತು.

ನಮ್ಮ ತೋಟ ರಸ್ತೆಯಿಂದ ಕಾಲುವೆಯವರೆಗೆ ಒಟ್ಟು ನೂರ ನಲವತ್ತು ಸಾಲು. ರಸ್ತೆ ಕಡೆಯ ಎಪ್ಪತ್ತು ಬಿಳಿ ದ್ರಾಕ್ಷಿ, ಕಾಲುವೆ ಕಡೆಯ ಎಪ್ಪತ್ತು ಕೆಂಪು. ಎರಡರ ನಡುವೆ ಪಂಪ್‌ಮನೆ. ಮೊದಲು ಎಲ್ಲವೂ ಅಜ್ಜ ನೆಟ್ಟ ಕೆಂಪೇ ಆಗಿತ್ತು. ಕೆಂಪಿಗೆ ಕೇಳುವವರು ಕಡಿಮೆಯಾದ ಮೇಲೆ ಅಮ್ಮ ರಸ್ತೆ ಕಡೆಯ ಅರ್ಧವನ್ನು ಮೊಣಕಾಲೆತ್ತರಕ್ಕೆ ಕೊಯ್ಯಿಸಿ, ಒಂದೊಂದು ಬೊಡ್ಡೆಗೂ ಬಿಳಿ ಜಾತಿಯ ಕಡ್ಡಿ ಇಟ್ಟು ಕಸಿ ಕಟ್ಟಿದಳು. ನಾಲ್ಕು ಸಾವಿರದ ಇನ್ನೂರು ಬೊಡ್ಡೆ, ಎರಡು ವಸಂತ. ಆಳುಗಳನ್ನು ನಂಬಲಿಲ್ಲ. “ಕಸಿ ಅಂದ್ರೆ ಕೂಸಿಗೆ ಹೊಕ್ಕುಳು ಕಟ್ಟಿದ ಹಾಗೆ, ಯಾರ ಕೈಗೋ ಕೊಡೋಕಾಗಲ್ಲ” ಎಂದು ತಾನೇ ಮಂಡಿಯೂರಿ ಕಟ್ಟಿದಳು. ಅವಳ ಮಂಡಿ ಕೆಟ್ಟದ್ದು ಆಗಲೇ. ಹೋದ ವರ್ಷ ಅರ್ಧ ಫಸಲು ಬಂತು. ಈ ವರ್ಷವೇ ಮೊದಲನೇ ಪೂರ್ತಿ ಫಸಲು. ಹೋದ ವರ್ಷದ ನಮ್ಮ ಲಾರಿಯ ಹಣ್ಣನ್ನು ಅಳೆದವಳು ನಾನೇ. ಅಂಕಿ ನೋಡಿ ಅಲ್ಲೇ ಕುಣಿದುಬಿಟ್ಟಿದ್ದೆ.

ಕಂಪನಿ ಈಗ ಕೆಂಪನ್ನು ಪೂರ್ತಿ ಬೇಡವೆಂದಿತ್ತು. ಹಳೇ ವೈನೇ ತೊಟ್ಟಿಗಳಲ್ಲಿ ಕೂತಿದೆಯಂತೆ. ಹಾಗಾಗಿ ಉಳಿದ ಎಪ್ಪತ್ತು ಸಾಲನ್ನೂ ಕಡಿದು ಬಿಳಿ ಕಸಿ ಕಟ್ಟುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಎನ್ನುವುದು ದೊಡ್ಡ ಮಾತು. ಅಮ್ಮ ಹೇಳಿದಳು, ಅಪ್ಪ ತಲೆಯಾಡಿಸಿದ, ಅಜ್ಜಿ ಊಟದ ತಟ್ಟೆ ಸರಿಸಿ ಎದ್ದುಹೋದಳು.

“ಅವರು ನೆಟ್ಟದ್ದನ್ನ ನಾನು ಕಣ್ಣು ಮುಚ್ಚೋವರೆಗಾದ್ರೂ ಬಿಡಿ” ಎಂದಿದ್ದಳು ಅಜ್ಜಿ.

“ಅಲ್ಲಿವರೆಗೂ ಆ ಹಣ್ಣನ್ನ ಯಾರಿಗೆ ಮಾರೋಣ ಅತ್ತೆ?” ಎಂದಿದ್ದಳು ಅಮ್ಮ.

ಅಜ್ಜಿ ಆಡಿದ ಆ ಮಾತೇ ಆಮೇಲೆ ಅವಳ ಕುತ್ತಿಗೆಗೆ ಬಂತು.

ನಾನು ತೋಟಕ್ಕೆ ಬಂದಾಗ ಅಮ್ಮ ಮಣ್ಣಿನಲ್ಲೇ ಕೂತಿದ್ದಳು. ಪಕ್ಕದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಕಸಿಕಡ್ಡಿಗಳ ಕಟ್ಟು. ಅದನ್ನು ತರಲೆಂದೇ ಅವಳು ಬೆಳಗ್ಗೆ ಆರಕ್ಕೆ ದೂರದ ನರ್ಸರಿಗೆ ಹೋಗಿದ್ದಳು. ಅವಳ ಮುಂದೆ ಸಾಲು ಸಾಲಾಗಿ ಕೊಯ್ದ ಬೊಡ್ಡೆಗಳು, ತಂತಿಗೆ ನೇತುಬಿದ್ದ ತಲೆಗಳು. ಇನ್ನೇನು ಕಣ್ಣೊಡೆಯುವ ಹೊತ್ತಿನಲ್ಲಿ ದ್ರಾಕ್ಷಿಯನ್ನು ಕೊಯ್ದರೆ ಬೇರು ಹೀರಿದ ನೀರೆಲ್ಲ ಕೊಯ್ದ ಬಾಯಿಂದ ಹೊರಗೆ ಬರುತ್ತದೆ. ಇದು ನಮಗೆ ಹೊಸದೇನಲ್ಲ. ಆದರೆ ಅರವತ್ತೆರಡು ಸಾಲು ಒಟ್ಟಿಗೆ ತೊಟ್ಟಿಕ್ಕುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ನೆಲ ಮಳೆ ಬಂದ ಹಾಗೆ ಒದ್ದೆಯಾಗಿತ್ತು.

ಕಡಿಯುವ ಆಳುಗಳು ಆಗಲೇ ಬೇರೆ ತೋಟಕ್ಕೆ ಹೋಗಿಯಾಗಿತ್ತು. ಸುದ್ದಿ ಕೇಳಿ ಓಡಿಬಂದ ಅವರ ಮೇಸ್ತ್ರಿ ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತಿದ್ದ.

“ಅಜ್ಜಿ ಹೇಳಿದ್ದು ಒಂದರಿಂದ ಎಪ್ಪತ್ತು ಅಂತ. ನಮ್ಮವರು ರಸ್ತೆ ಕಡೆಯಿಂದ ಹಿಡಿದಿದ್ದಾರೆ. ಎಲೆ ಇಲ್ಲದಾಗ ಬಿಳಿ ಯಾವುದು ಕೆಂಪು ಯಾವುದು ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು ಹೇಳಿ?”

ಏನಾಗಿದೆ ಎಂದು ನನಗೆ ಆ ಕ್ಷಣಕ್ಕೆ ಹೊಳೆಯಿತು. ಕಂಪನಿಯ ನಕ್ಷೆಯಲ್ಲಿ ಸಾಲುಗಳ ಎಣಿಕೆ ರಸ್ತೆಯಿಂದ. ಕೊಯ್ಲಿನ ಮಿಷನ್ನು, ಔಷಧಿಯ ಟ್ರಾಕ್ಟರು, ಎಲ್ಲಕ್ಕೂ ಅದೇ ಎಣಿಕೆ. ಅಜ್ಜಿಯ ಎಣಿಕೆ ಕಾಲುವೆಯಿಂದ. ಹನಿ ಪೈಪು ಬರುವ ಮೊದಲು ಕಾಲುವೆಯ ತೂಬು ತೆಗೆದು, ಗುದ್ದಲಿ ಹಿಡಿದು ಒಂದೊಂದೇ ಸಾಲಿಗೆ ನೀರು ತಿರುಗಿಸಿದವಳು ಅವಳು. ನೀರು ಮೊದಲು ಮುಟ್ಟುವ ಸಾಲು ಅವಳಿಗೆ ಮೊದಲನೇ ಸಾಲು. ನಾವೆಲ್ಲ ಇದನ್ನು ತಮಾಷೆ ಮಾಡುತ್ತಲೇ ಬೆಳೆದವರು. ಐದನೇ ಸಾಲಿನಲ್ಲಿ ಹಾವಿತ್ತು ಎಂದರೆ “ಅಜ್ಜಿ ಲೆಕ್ಕವೋ, ಕಂಪನಿ ಲೆಕ್ಕವೋ?” ಎಂದು ಕೇಳಿಯೇ ಕಾಲಿಡುತ್ತಿದ್ದೆವು. ಹೊರಗಿನವರಿಗೆ ಅದನ್ನು ಹೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

“ಅಪ್ಪ ಎಲ್ಲಿ?” ಎಂದೆ.

“ಕಾಲುವೆ ಗೇಟಿನ ಹತ್ತಿರ ಇದ್ದರಂತೆ” ಎಂದಳು ಅಮ್ಮ. “ಅರ್ಧ ಮೈಲಿ ಆಚೆ. ಆಳುಗಳಿಗೆ ನಿಂತು ತೋರಿಸಿ ಅಂತ ಹೇಳಿ ಹೋಗಿದ್ದೆ. ನೀರಿನ ಸರದಿ ಬಂತು ಅಂತ ಅತ್ತೆಗೆ ಒಪ್ಪಿಸಿ ಹೋಗಿದ್ದಾರೆ.”

ಅಪ್ಪ ಬಂದದ್ದು ಆಮೇಲೆ. ತೋಟದ ಅಂಚಿನಲ್ಲೇ ನಿಂತ. ಅಪ್ಪ ಮೊದಲೇ ಮಾತು ಕಡಿಮೆ. ಅವನ ಬಾಯಿ ತೆರೆಸಲು ಸ್ಪ್ಯಾನರ್ ಬೇಕು ಎಂದು ಅಜ್ಜಿಯೇ ಹೇಳುತ್ತಿದ್ದಳು. ಅವನು ಅಮ್ಮನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕಸಿಕಡ್ಡಿಯ ಕಟ್ಟನ್ನು ಬಿಸಿಲಿನಿಂದ ನೆರಳಿಗೆ ಸರಿಸಿದ. ನನಗೆ ಅಳು ಬಂದುಬಿಟ್ಟಿತು.

ಅಜ್ಜಿ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ಕಾಲಿಗೆ, ಸೀರೆಯ ಅಂಚಿಗೆ ಎಲ್ಲ ಮಣ್ಣು. ಅರವತ್ತೆರಡನೇ ಸಾಲಿನ ಹತ್ತಿರ ಅವಳೇ ಹೋಗಿ ಕೋಲು ಅಡ್ಡ ಹಿಡಿದು ನಿಲ್ಲಿಸಿದಳಂತೆ. ಉಳಿದದ್ದು ಎಂಟು ಸಾಲು.

“ಒಂದರಿಂದ ಎಪ್ಪತ್ತು ಅಂದೆ” ಎಂದಳು. “ಕಾಲುವೆ ಕಡೆಯಿಂದ ಅಂತ ಹೇಳೋದು ಮರೆತೆ. ಐವತ್ತು ವರ್ಷದಿಂದ ಬಾಯಿಗೆ ಬಂದಿದ್ದು ಅದೇ.”

ಅಮ್ಮ ಮೆಟ್ಟಿಲ ಕೆಳಗೇ ನಿಂತಿದ್ದಳು. “ಕಂಪನಿ ಲೆಕ್ಕ ನಿಮಗೆ ಗೊತ್ತಿಲ್ವಾ ಅತ್ತೆ?”

“ಗೊತ್ತಿದೆ.”

“ಗರಗಸ ಯಾವ ಕಡೆ ಕೂಗ್ತಿದೆ ಅಂತ ಕಿವಿಗೆ ಬೀಳಲಿಲ್ವಾ?”

“ಬಿತ್ತು. ಅದಕ್ಕೇ ಹೋದೆ.”

“ಯಾವಾಗ ಹೋದ್ರಿ?”

ಅಜ್ಜಿ ಸೀರೆಯ ಅಂಚಿನ ಮಣ್ಣು ಕೊಡವಿದಳು.

ಆಗ ನಾನು ಬಾಯಿ ಹಾಕಿದೆ. ಯಾಕೆ ಹಾಕಿದೆನೋ. “ಇಪ್ಪತ್ತು ಸಾಲು ಹೋದಾಗ ಹೊರಟೆ ಅಂತಾನೇ ಇಟ್ಕೊಳ್ಳೋಣ ಅಜ್ಜಿ. ನೀನು ಎಷ್ಟೇ ನಿಧಾನ ನಡೆದ್ರೂ ಮೂವತ್ತು, ಮೂವತ್ತೈದಕ್ಕೆ ಅಲ್ಲಿರ್ತೀಯ. ಅರವತ್ತೆರಡರವರೆಗೂ ಎಲ್ಲಿದ್ದೆ? ಕೂತು ನೋಡ್ತಿದ್ದೆಯಾ?”

ಅಜ್ಜಿ ನನ್ನನ್ನು ನೋಡಿದಳು. ಆಮೇಲೆ ನನ್ನ ಹಿಂದೆ ನಿಂತಿದ್ದ ಅಪ್ಪನನ್ನು ನೋಡಿದಳು. “ಕಾಲು ನಡೀಲಿಲ್ಲ” ಎಂದಷ್ಟೇ ಹೇಳಿ ಎದ್ದು ಒಳಗೆ ಹೋದಳು.

“ಬೇಕಂತಾನೇ ಮಾಡಿದ್ದಾರೆ” ಎಂದಳು ಅಮ್ಮ. ಅಜ್ಜಿಗೆ ಕೇಳುವ ಹಾಗೇ ಹೇಳಿದಳು. ಅಪ್ಪ ಕಸಿಕಡ್ಡಿಯ ಗೋಣಿಗೆ ನೀರು ಚಿಮುಕಿಸಲು ಹೋದ.

ಆ ರಾತ್ರಿ ಒಲೆ ಹೊತ್ತಲಿಲ್ಲ. ಮಾರನೇ ದಿನ ಹೊತ್ತಿತು. ಹೊಟ್ಟೆ ಯಾರ ಮಾತನ್ನೂ ಕೇಳುವುದಿಲ್ಲವಲ್ಲ. ಅಮ್ಮ ಆಲೂಗಡ್ಡೆ ಬೇಯಿಸಿ ನಾಲ್ಕು ತಟ್ಟೆಗೆ ಹಾಕಿದಳು. ಮೂರನ್ನು ಮೇಜಿನ ಮೇಲಿಟ್ಟು ನಾಲ್ಕನೆಯದನ್ನು ಒಲೆಯ ಪಕ್ಕ ಮುಚ್ಚಿಟ್ಟಳು. ಅಜ್ಜಿಗೆ ಯಾರೂ ಹೇಳಬೇಕಾಗಲಿಲ್ಲ. ಬಂದಳು, ತಟ್ಟೆ ತೆಗೆದುಕೊಂಡಳು, ಕೋಣೆಗೆ ಹೋದಳು. ಅಂದಿನಿಂದ ಅದೇ ಪದ್ಧತಿಯಾಯಿತು.

ಚಿಕ್ಕಂದಿನಿಂದ ನಾನು ಅಜ್ಜಿಯ ಕೋಣೆಯಲ್ಲೇ ಮಲಗುತ್ತಿದ್ದವಳು. ಮೂರನೇ ದಿನ ನನ್ನ ಹಾಸಿಗೆ ಸುತ್ತಿಕೊಂಡು ಹೊರಗಿನ ಕೋಣೆಗೆ ತಂದೆ.

“ಅಲ್ಲಿ ಸೊಳ್ಳೆ ಜಾಸ್ತಿ” ಎಂದಳು ಅಜ್ಜಿ.

“ಪರವಾಗಿಲ್ಲ. ಸೊಳ್ಳೆ ಕಚ್ಚಿದ್ರೆ ಕಚ್ಚಿದ್ದು ಗೊತ್ತಾಗುತ್ತೆ” ಎಂದೆ.

ಎಂಥ ಮಾತು ಆಡಿದ್ದೆ ನಾನು! ಆಗ ಅದು ಬಹಳ ಚೂಪಾದ ಮಾತು ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೆ ಕೂಡ.

ಬೊಡ್ಡೆಗಳು ಹತ್ತು ಹನ್ನೆರಡು ದಿನ ನೀರು ಸುರಿಸಿದವು. ಅದು ನಿಲ್ಲುವವರೆಗೂ ಹೊಸ ಕಸಿ ಕೂರುವುದಿಲ್ಲ. ಅಮ್ಮ ದಿನಾ ಹೋಗಿ ಒಂದೊಂದು ಸಾಲನ್ನೂ ನೋಡಿ ಬರುತ್ತಿದ್ದಳು. ಹಳೆಯ ಕಸಿಯ ಗಂಟು ಇನ್ನೂ ಬೊಡ್ಡೆಯಲ್ಲೇ ಇದ್ದ ಕಡೆ ಮಣ್ಣು ಒರೆಸಿ ಕೈಯಾಡಿಸುತ್ತಿದ್ದಳು. ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಮೇಸ್ತ್ರಿ ಬಂದು, ಈ ಸಲದ ಕಸಿಯ ಕೂಲಿ ತನಗೆ ಬೇಡ, ಆಳುಗಳನ್ನು ಪುಕ್ಕಟೆ ಕಳಿಸುತ್ತೇನೆ ಎಂದ.

“ಆಳು ಪುಕ್ಕಟೆ ಕೊಡ್ತೀಯ, ಸರಿ. ಮೂರು ವರ್ಷ ಕೊಡ್ತೀಯಾ?” ಎಂದಳು ಅಮ್ಮ. ಅವನು ತಲೆ ತಗ್ಗಿಸಿಕೊಂಡು ಹೋದ.

ಆ ದಿನಗಳಲ್ಲಿ ಮನೆಯಲ್ಲಿ ಹೊಸ ಮನುಷ್ಯನಾದವನು ಅಪ್ಪ. ಕೇಳದೆ ತಟ್ಟೆ ತೊಳೆದ. ಕೇಳದೆ ಬಟ್ಟೆ ಒಣಗಿಸಿದ. ತೊಟ್ಟಿಕ್ಕುತ್ತಿದ್ದ ಅಡುಗೆಮನೆಯ ನಲ್ಲಿಯನ್ನು, ಎರಡು ವರ್ಷದಿಂದ ಅಮ್ಮ ಹೇಳಿ ಹೇಳಿ ಸಾಕಾಗಿದ್ದ ನಲ್ಲಿಯನ್ನು, ಒಂದು ಬೆಳಗ್ಗೆ ಎದ್ದು ಸರಿಮಾಡಿದ. ಊಟ ಮಾತ್ರ ಅರ್ಧಕ್ಕೆ ಬಿಡುತ್ತಿದ್ದ.

“ಎಷ್ಟು ಹಚ್ಚಿಕೊಂಡಿದ್ದಾರೆ ನೋಡು ಮನಸ್ಸಿಗೆ” ಎಂದು ಅಮ್ಮ ನನ್ನ ಹತ್ತಿರ ಪಿಸುಗುಟ್ಟಿದಳು. “ಹೆತ್ತ ತಾಯಿ ಹೀಗೆ ಮಾಡಿದ್ರೆ ಯಾರ ಹತ್ತಿರ ಹೇಳಿಕೊಳ್ತಾರೆ, ಪಾಪ.” ತನ್ನ ತಟ್ಟೆಯ ಮೊಟ್ಟೆಯನ್ನೂ ಅವನ ತಟ್ಟೆಗೆ ಹಾಕಿದಳು. ಅಪ್ಪ ಆ ಮೊಟ್ಟೆಯನ್ನು ನೋಡುತ್ತ ಬಹಳ ಹೊತ್ತು ಕೂತಿದ್ದ.

ಎರಡನೇ ವಾರದ ಕೊನೆಗೆ ದೊಡ್ಡ ಜಗಳವಾಯಿತು. ಶುರುವಾದದ್ದು ಚಹಾದ ಹೊತ್ತಿನಲ್ಲಿ. ಅಜ್ಜಿ ಅಡುಗೆಮನೆಗೆ ಬಂದು, “ಕಸಿ ಕಟ್ಟೋವಾಗ ಟೇಪು ಹಿಡಿಯೋಕೆ ನಾನು ಬರ್ಲಾ? ಕೂತು ಮಾಡೋ ಕೆಲಸ ತಾನೆ” ಎಂದಳು.

ಅಮ್ಮನ ಕೈಯ ಲೋಟ ಜಾರಿ ಬಿತ್ತು. ಬಿತ್ತೋ, ಬೀಳಿಸಿದಳೋ. “ನೀವು ತೋಟಕ್ಕೆ ಕಾಲಿಡಬೇಡಿ ಅತ್ತೆ.”

“ನಾನು ನೀರು ಕಟ್ಟಿದ ತೋಟ ಅದು.”

“ನೀವು ನೀರು ಕಟ್ಟಿದ್ದು ನಿಂತಿದೆಯಲ್ಲ! ಒಂದು ಗಿಡಾನೂ ಅಲುಗಾಡಿಲ್ಲ. ನಾನು ಕಟ್ಟಿದ್ದು ತಾನೆ ಹೋಗಿದ್ದು? ನಿಮ್ಮವರು ನೆಟ್ಟ ಕೆಂಪು ಉಳೀತು, ಹಬ್ಬ ಮಾಡಿ ಈಗ!”

“ಬಾಯಿಗೆ ಬಂದಿದ್ದು ಆಡಬೇಡ.”

“ಹಾಗಿದ್ರೆ ಹೇಳಿ. ಅಷ್ಟು ಹೊತ್ತು ಎಲ್ಲಿದ್ರಿ ಅಂತ ಒಂದು ಮಾತು ಹೇಳಿ. ನಂಬ್ತೀನಿ. ಆಣೆಗೂ ನಂಬ್ತೀನಿ.”

ಅಜ್ಜಿ ಬಾಯಿ ತೆರೆದಳು. ನಾನು ಬಾಗಿಲಲ್ಲೇ ಇದ್ದೆ, ಕಣ್ಣಾರೆ ಕಂಡೆ. ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದಳು. ಒಡೆದ ಲೋಟದ ಚೂರುಗಳನ್ನು ಬಗ್ಗಿ ಆರಿಸತೊಡಗಿದಳು.

“ಬಿಡು ಅಜ್ಜಿ, ಅದನ್ನಾದ್ರೂ ಬಿಡು” ಎಂದು ನಾನು ಅವಳ ಕೈಯಿಂದ ಚೂರು ಕಿತ್ತುಕೊಂಡೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ಅಪ್ಪ, ಯಾವತ್ತೂ ತಾನಾಗಿ ಮಾತೆತ್ತದವನು, ಮಾತೆತ್ತಿದ.

“ಅಮ್ಮ ಸ್ವಲ್ಪ ದಿನ ಅಕ್ಕನ ಮನೇಲಿ ಇರಲಿ.”

ಅಕ್ಕ ಎಂದರೆ ನನ್ನ ಸೋದರತ್ತೆ. ವ್ಯಾನಿನಲ್ಲಿ ಎರಡೂವರೆ ಗಂಟೆ ದಾರಿಯ ಊರಿನಲ್ಲಿ, ಮೂರನೇ ಮಹಡಿಯಲ್ಲಿ ಅವಳ ಮನೆ. ಲಿಫ್ಟ್ ಇಲ್ಲ. ಅಲ್ಲಿಗೆ ಒಮ್ಮೆ ಹತ್ತಿದರೆ ಅಜ್ಜಿಯ ಮಂಡಿಗೆ ಇಳಿಯುವ ಮಾತಿಲ್ಲ.

“ಸ್ವಲ್ಪ ದಿನ ಅಂದ್ರೆ?” ಎಂದಳು ಅಮ್ಮ.

“ನಿನಗೆ ಸಮಾಧಾನ ಆಗೋವರೆಗೆ.”

“ನನಗೆ ಸಮಾಧಾನ ಆಗೋದು ಅವು ಮತ್ತೆ ಹಣ್ಣು ಬಿಟ್ಟಾಗ.”

“ಸರಿ” ಎಂದ ಅಪ್ಪ.

ಅಮ್ಮ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಕೋಣೆಯಿಂದ ಅಜ್ಜಿಯ ತಟ್ಟೆಯ ಸದ್ದು ಕೇಳುತ್ತಿತ್ತು, ಅದು ನಿಂತಿತು. ಆಮೇಲೆ ಅವಳೇ ಬಾಗಿಲಿಗೆ ಬಂದಳು. “ಶನಿವಾರ ಆಗಬಹುದೇನೋ? ಅವತ್ತು ನಿನಗೆ ನೀರಿನ ಸರದಿ ಇಲ್ಲ ಅಲ್ವಾ?” ಎಂದು ಅಪ್ಪನನ್ನು ಕೇಳಿದಳು, ಸಂತೆಗೆ ಹೋಗುವ ದಿನ ಗೊತ್ತುಮಾಡುವವಳ ಹಾಗೆ.

ಶನಿವಾರದ ಹೊತ್ತಿಗೆ ಮೂರು ವಾರವಾಗಿತ್ತು. ಬೊಡ್ಡೆಗಳು ಒಣಗಿದ್ದವು. ಕಸಿ ಕಟ್ಟಲು ಆಳುಗಳು ಬೆಳಗ್ಗೆಯೇ ಬಂದರು. ಅಮ್ಮ ಎಲ್ಲರಿಗಿಂತ ಮೊದಲೇ ಚಾಕು ಮಸೆದುಕೊಂಡು ಮೊದಲನೇ ಸಾಲಿನಲ್ಲಿ ಕೂತಿದ್ದಳು. ಅಜ್ಜಿ ಹೊರಡುವುದನ್ನು ನೋಡಬಾರದೆಂದೇ ಅಷ್ಟು ಬೇಗ ಹೋಗಿದ್ದಳು ಎಂದು ನನಗೆ ಗೊತ್ತಿತ್ತು. ನಾನು ಚಹಾದ ಫ್ಲಾಸ್ಕು ತೆಗೆದುಕೊಂಡು ಹೋದೆ. ಅಮ್ಮನ ಪಕ್ಕದ ಬೊಡ್ಡೆಗೆ ಕಡ್ಡಿ ಕೂರಿಸುತ್ತಿದ್ದವನು ಅವತ್ತು ಗರಗಸದ ಮಿಷನ್ನು ಹಿಡಿದವನೇ. ಅಮ್ಮ ಅವನ ಕೆಲಸಕ್ಕೆ ಒಂದರ ಮೇಲೊಂದು ಕೊಂಕು ತೆಗೆಯುತ್ತಿದ್ದಳು. ಕಡ್ಡಿ ಓರೆ ಎಂದಳು, ಟೇಪು ಸಡಿಲ ಎಂದಳು. ಕೊನೆಗೆ, “ಕಡಿಯೋಕೆ ಮಾತ್ರ ಕೈ ಚುರುಕು ನಿಮಗೆ” ಎಂದಳು.

ಅವನು ಚಾಕು ಕೆಳಗಿಟ್ಟ. “ನೋಡೀಮ್ಮಾ, ಮೂರು ವಾರದಿಂದ ಎಲ್ಲರೂ ನಮ್ಮ ಮೇಲೇ ಗೂಬೆ ಕೂರಿಸ್ತಿದ್ದೀರಿ. ನನಗೂ ಅನುಮಾನ ಬಂದಿತ್ತು. ಬೊಡ್ಡೇಲಿ ಹಳೇ ಕಸಿ ಗಂಟು ಕಾಣ್ತಿತ್ತು. ಇಷ್ಟು ಬೇಗ ಮತ್ತೆ ಯಾಕೆ ಕಡಿಸ್ತಾರೆ ಅಂದ್ಕೊಂಡೆ. ಅದಕ್ಕೇ ಹತ್ತನೇ ಸಾಲು ಮುಗಿಸಿ ಚಹಾಕ್ಕೆ ನಿಂತಾಗ ಕೇಳಿದೆ.”

“ಯಾರನ್ನ ಕೇಳಿದೆ?” ಎಂದಳು ಅಮ್ಮ.

“ನಿಮ್ಮ ಯಜಮಾನರನ್ನೇ. ಪಂಪ್‌ಮನೆ ಬಾಗಿಲಲ್ಲಿ ನಿಂತು ಈ ಕಡೆಗೇ ನೋಡ್ತಿದ್ರು. ನಾನು ಗಿಡ ತೋರಿಸಿ, ಇದೇ ತಾನೆ ಅಂತ ಕೈ ಮಾಡಿದೆ. ಅವರೂ ಕೈ ಎತ್ತಿದ್ರು. ಸರಿ ಅಂತ ಮುಂದುವರಿಸಿದ್ವಿ.”

“ಅವರು ಕಾಲುವೆ ಗೇಟಿನ ಹತ್ತಿರ ಇದ್ದರು.”

“ಇಲ್ಲಮ್ಮಾ. ಅವರ ನೀಲಿ ಅಂಗಿ ನನಗೆ ಗೊತ್ತಿಲ್ವಾ? ಮೇಸ್ತ್ರಿಗೆ ಅವತ್ತೇ ಹೇಳಿದೆ. ಮನೆಯವರ ವಿಷಯ, ನಮಗ್ಯಾಕೆ, ಬಾಯಿ ಮುಚ್ಕೊಂಡಿರು ಅಂದ್ರು.”

ಚಹಾಕ್ಕೆ ನಿಂ‍ತಾಗ. ಗರಗಸಗಳು ಬಂದ್ ಆಗಿದ್ದಾಗ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನನ್ನ ತಲೆಯೊಳಗೆ ಇಷ್ಟೇ ಸುತ್ತುತ್ತಿತ್ತು. ಅಮ್ಮನ ಮುಖ ನೋಡಲು ಧೈರ್ಯ ಬರಲಿಲ್ಲ, ಕೈ ನೋಡುತ್ತ ನಿಂತೆ. ಅವಳು ಹಿಡಿದ ಬೊಡ್ಡೆಗೆ ಟೇಪು ಪೂರ್ತಿ ಸುತ್ತಿದಳು, ತುದಿ ಕತ್ತರಿಸಿದಳು, ಚಾಕು ಮಡಚಿದಳು. ಆಮೇಲೆ ಎದ್ದು ಮನೆಯ ಕಡೆಗೆ ನಡೆದಳು. ನಡೆದಳು ಎಂದರೆ ಓಡಿದಳು, ಆ ಮಂಡಿಯಲ್ಲಿ.

ಅಂಗಳದಲ್ಲಿ ವ್ಯಾನು ಚಾಲೂ ಆಗಿತ್ತು. ಅಪ್ಪ ಚಾಲಕನ ಸೀಟಿನಲ್ಲಿ, ಅಜ್ಜಿ ಪಕ್ಕದಲ್ಲಿ. ಅಮ್ಮ ಹಿಂದಿನ ಬಾಗಿಲು ಎಳೆದು ಅಜ್ಜಿಯ ಬಟ್ಟೆಯ ಚೀಲವನ್ನು ಕೆಳಗಿಳಿಸಿದಳು. ಅದನ್ನು ಕೈಯಲ್ಲಿ ಹಿಡಿದೇ ಅಪ್ಪನ ಕಿಟಕಿಯ ಹತ್ತಿರ ಬಂದಳು.

“ಅವರು ಹತ್ತು ಸಾಲು ಮುಗಿಸಿ ಚಹಾ ಕುಡೀತಿದ್ದಾಗ ನೀವೆಲ್ಲಿದ್ರಿ?”

“ಕಾಲುವೆ ಗೇಟಿನ…”

“ಇನ್ನೊಂದು ಸಲ ಹೇಳಿ.”

ಅಪ್ಪ ಇಂಜಿನ್ ಆರಿಸಿದ.

“ಪಂಪ್‌ಮನೇಲಿ.”

“ನೋಡಿದ್ರಾ?”

“ನೋಡಿದೆ.”

“ಬಿಳೀದು ಅಂತ ಗೊತ್ತಾಯ್ತಾ?”

“ನನ್ನ ತೋಟ ನನಗೆ ಗೊತ್ತಾಗಲ್ವಾ?”

“ಮತ್ತೆ?” ಎಂದಳು ಅಮ್ಮ. ಆ ಒಂದು ಮಾತಿಗೆ ಅವಳ ದನಿ ಒಡೆಯಿತು.

ಅಪ್ಪ ಸೀದಾ ಮುಂದೆ ನೋಡುತ್ತ ಹೇಳಿದ. “ಫಿಲ್ಟರಿನಲ್ಲಿ ಕಸ ಸಿಕ್ಕಿಕೊಂಡಿತ್ತು, ತೆಗೀತಿದ್ದೆ. ಹೊರಗೆ ಬಂದು ನೋಡ್ತೀನಿ, ಹತ್ತು ಸಾಲು ಹೋಗಿದೆ. ನಿಂತು ತೋರಿಸಿ ಅಂತ ನೀನು ಹೇಳಿದ್ದೆ. ನಾನು ನಿಂತಿರಲಿಲ್ಲ. ಅವನು ಕೈ ಮಾಡಿದ. ಬೇಡ ಅನ್ನೋಕೇ ನಾನು ಕೈ ಎತ್ತಿದ್ದು. ಅವನು ಸರಿ ಅಂತ ತಿಳ್ಕೊಂಡ, ಮಿಷನ್ನು ಶುರುಮಾಡಿದ. ಹತ್ತು ಸಾಲಿಗೆ ನಿನಗೆ ಏನು ಉತ್ತರ ಹೇಳಲಿ ಅಂತ ಯೋಚನೆ ಮಾಡ್ತಾ ನಿಂತೆ. ಅಷ್ಟರಲ್ಲಿ ಹದಿನೈದಾಯ್ತು. ಆಮೇಲೆ ಇಪ್ಪತ್ತು. ಒಂದೊಂದು ಸಾಲು ಹೋದ ಹಾಗೂ ಹೊರಗೆ ಬರೋದು ಇನ್ನೂ ಕಷ್ಟ ಆಯ್ತು. ಒಳಗೆ ಹೋಗಿ ಅಗುಳಿ ಹಾಕ್ಕೊಂಡೆ.”

“ಅಗುಳಿ ಯಾಕೆ ಅಪ್ಪಾ?” ಎಂದೆ ನಾನು.

“ಸದ್ದು ಕೇಳಬಾರದು ಅಂತ.”

ಇವನು ತೊಳೆದ ತಟ್ಟೆಗಳು, ಒಣಗಿಸಿದ ಬಟ್ಟೆಗಳು, ಆ ಮೊಟ್ಟೆ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ತನ್ನ ತಾಯಿಯನ್ನು ಮೂರನೇ ಮಹಡಿಗೆ ಹತ್ತಿಸಿ ಬರಲು ಹೊರಟಿದ್ದವನೂ ಇವನೇ.

ಅಮ್ಮ ನಿಧಾನವಾಗಿ ಆ ಕಡೆಯ ಕಿಟಕಿಗೆ ಹೋದಳು. “ಅತ್ತೆ, ನಿಮಗೆ ಗೊತ್ತಿತ್ತಾ?”

“ಬಾಗಿಲು ಬಡಿದವಳು ನಾನೇ ಅಲ್ವಾ?” ಎಂದಳು ಅಜ್ಜಿ. “ಗರಗಸ ಕೇಳಿ ಹೊರಟೆ. ಅವರ ಹತ್ತಿರ ಹೋಗೋಕೆ ದೂರ, ಇವನಿಗೆ ಹೇಳಿದ್ರೆ ಓಡಿಹೋಗಿ ನಿಲ್ಲಿಸ್ತಾನೆ ಅಂತ ಪಂಪ್‌ಮನೆಗೆ ಹೋದೆ. ಚಪ್ಪಲಿ ಹೊರಗಿತ್ತು. ಬಡಿದೆ, ಕೂಗಿದೆ. ತೆಗೀತಾನೆ, ಈಗ ತೆಗೀತಾನೆ ಅಂತ ನಿಂತೆ. ಆಮೇಲೆ ನಾನೇ ಹೋದೆ.”

“ಯಾಕೆ ಹೇಳಲಿಲ್ಲ ಅತ್ತೆ? ಅಷ್ಟು ಕೇಳಿದೆನಲ್ಲ, ಯಾಕೆ ಹೇಳಲಿಲ್ಲ?”

“ನಿನಗೆ ಅತ್ತೆ ಮೇಲೆ ಸಿಟ್ಟು ಬಂದ್ರೆ ಅತ್ತೆ ಇನ್ನೊಂದು ಮನೆಗೆ ಹೋಗ್ತಾಳೆ. ಗಂಡನ ಮೇಲೆ ಬಂದ್ರೆ ನೀನೆಲ್ಲಿಗೆ ಹೋಗ್ತೀಯ?”

ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ತೋಟ ಹೋದ ದಿನ ಅಳದವಳು ಈಗ ಅತ್ತಳು. ಬಾಗಿಲು ತೆರೆದು ಅಜ್ಜಿಯ ಕೈ ಹಿಡಿದುಕೊಂಡಳು. “ಇಳೀರಿ ಅತ್ತೆ. ತಪ್ಪಾಯ್ತು. ಒಳಗೆ ಬನ್ನಿ.”

“ಇಳಿಯಲ್ಲ.”

“ಅತ್ತೆ…”

“ಎಣಿಕೆ ತಪ್ಪಿ ಹೇಳಿದ್ದು ನಾನೇ. ಅದಕ್ಕೆ ನೀನು ಏನು ಬೈದಿದ್ರೂ ಬೈಸ್ಕೊಳ್ತಿದ್ದೆ. ಆದ್ರೆ ನೀನು, ಬೇಕಂತ ಮಾಡಿದ್ರು ಅಂದೆ.” ಅಜ್ಜಿಯ ದನಿ ಏರಲೇ ಇಲ್ಲ. “ಇಪ್ಪತ್ತೆರಡು ವರ್ಷ ಒಂದೇ ಒಲೆ ಮುಂದೆ ಇದ್ದೀವಿ ಕಣಮ್ಮಾ. ಇವನು ಹೇಡಿ ಅಂತ ನನಗೆ ಗೊತ್ತಿತ್ತು, ಹೆತ್ತವಳು ನಾನು. ನೀನು ನನ್ನನ್ನ ಅಂಥವಳು ಅಂತ ತಿಳ್ಕೊಂಡಿದ್ದೀಯ ಅನ್ನೋದು ಗೊತ್ತಿರಲಿಲ್ಲ. ಅದು ಗೊತ್ತಾಗಿದ್ದು ಈ ಮೂರು ವಾರದಲ್ಲಿ. ಒಲೆ ಪಕ್ಕ ಮುಚ್ಚಿಟ್ಟ ತಟ್ಟೆ ತಗೊಂಡು ಹೋಗೋವಾಗ ದಿನಾ ಗೊತ್ತಾಯ್ತು.”

ಆಮೇಲೆ ನನ್ನ ಕಡೆ ನೋಡಿದಳು. “ಇವಳು ಹಾಸಿಗೇನೇ ಎತ್ಕೊಂಡು ಹೋದಳು.”

ನನಗೆ ನಿಂತ ನೆಲ ಬಿರಿಯಬಾರದೇ ಎನ್ನಿಸಿತು. “ಅಜ್ಜೀ, ಇವತ್ತೇ ತಂದು ಹಾಕ್ತೀನಿ, ಈಗಲೇ ತಂದು ಹಾಕ್ತೀನಿ” ಎಂದೆ. ಎಷ್ಟು ಅರ್ಥವಿಲ್ಲದ ಮಾತು.

“ಚೀಲ ಒಳಗಿಡು” ಎಂದಳು ಅವಳು ಅಮ್ಮನಿಗೆ.

ಅಮ್ಮ ಚೀಲವನ್ನು ಎದೆಗವಚಿಕೊಂಡು ನಿಂತಳು. ಅಜ್ಜಿ ಕೈ ಚಾಚಿದಳು, ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ಕಾದಳು. ಕೊನೆಗೆ ಅಮ್ಮ ಕೊಟ್ಟಳು.

“ನೀನು ಇಳಿಯೋ. ಇವಳು ಓಡಿಸಲಿ” ಎಂದು ಅಜ್ಜಿ ನನ್ನ ಕಡೆ ಕೈ ತೋರಿಸಿ ಅಪ್ಪನಿಗೆ ಹೇಳಿದಳು.

ಅಪ್ಪ ಇಳಿದ. ನಾನು ಹತ್ತಿ ಕೂತು ಇಂಜಿನ್ ಚಾಲೂ ಮಾಡಿದೆ. ಅಪ್ಪ ವ್ಯಾನನ್ನು ಸುತ್ತಿ ಅಜ್ಜಿಯ ಕಿಟಕಿಗೆ ಬಂದ. ಕಣ್ಣಲ್ಲಿ ನೀರಿತ್ತು. ಕಿಟಕಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಅಮ್ಮಾ, ಮುಂದಿನ ವಾರ ನಾನೇ ಬಂದು ಕರ್ಕೊಂಡು ಬರ್ತೀನಿ.”

“ನೀನು ಬರಲ್ಲ ಬಿಡೋ” ಎಂದಳು ಅಜ್ಜಿ. ಬೈದ ಹಾಗೆ ಹೇಳಲಿಲ್ಲ, ಅವನ ಕಾಲರ್ ಸರಿಮಾಡುತ್ತ ಹೇಳಿದಳು.

ಬಂದೇ ಬರ್ತೀನಿ ಎಂದು ಅಪ್ಪ ಇನ್ನೊಂದು ಸಲ ಹೇಳುತ್ತಾನೇನೋ ಎಂದು ನಾನು ಕಾದೆ. ಸ್ವಲ್ಪ ಹೊತ್ತೇ ಕಾದೆ. ಆಮೇಲೆ ಗೇರ್ ಹಾಕಿದೆ.